ಹನ್ನೆರಡು ಚಿತ್ರಗಳ ರೀಲು: ಹಳೆಯ ಬೆಂಗಳೂರಿನ ವಿದ್ಯಾರ್ಥಿಗಳ ಭೂದೃಶ್ಯ ಛಾಯಾಗ್ರಹಣ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಎಂಬ ಮೂರು ಬಡಾವಣೆಗಳು ಬೆಂಗಳೂರಿನ ಇತಿಹಾಸದಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಸಂಗೀತ, ಶಿಕ್ಷಣ ಮತ್ತು ತಿಂಡಿಯ ಹೋಟೆಲುಗಳ ನೆಲೆಯಾಗಿ ಪ್ರಸ್ತಾಪಗೊಳ್ಳುತ್ತವೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಇದೇ ಬಡಾವಣೆಗಳ ಕಾಲೇಜು ವಿದ್ಯಾರ್ಥಿಗಳು ಓದಿನ ಬಿಡುವಿನಲ್ಲಿ, ಬಹಳ ಸಲ ಎರವಲು ತಂದ ಕ್ಯಾಮೆರಾವನ್ನೇ ಹೆಗಲಿಗೇರಿಸಿಕೊಂಡು, ಬೆಟ್ಟ, ಕೆರೆ, ಜಲಪಾತಗಳ ಚಿತ್ರ ತೆಗೆಯಲು ಊರೂರು ಅಲೆಯುತ್ತಿದ್ದ ಹವ್ಯಾಸಕ್ಕೆ ಆ ಇತಿಹಾಸದಲ್ಲಿ ದೊರೆತಿರುವ ಜಾಗ ತೀರ ಕಡಿಮೆ. ಭೂದೃಶ್ಯ ಛಾಯಾಗ್ರಹಣವೆಂದರೆ, ಮನುಷ್ಯನನ್ನಾಗಲಿ ಕಟ್ಟಡವನ್ನಾಗಲಿ ಮುಂದೆ ನಿಲ್ಲಿಸದೆ, ನೆಲ, ನೀರು, ಮರ, ಮೋಡಗಳು ಒಂದಕ್ಕೊಂದು ಹೊಂದಿ ನಿಂತಿರುವ ಬಗೆಯನ್ನೇ ವಿಷಯವಾಗಿಸಿಕೊಂಡ ಚಿತ್ರಕಲೆ. ಈ ಕಲೆಯಲ್ಲಿ ಪಳಗಿದ ಕಣ್ಣುಗಳು ನೂರಾರು ಮೈಲಿ ದೂರದ ಜೋಗವನ್ನೂ ಹಂಪಿಯನ್ನೂ ಶ್ರದ್ಧೆಯಿಂದ ಹಿಡಿದಿಟ್ಟು, ತಮ್ಮದೇ ಬೀದಿಯ ಮೂಲೆಯನ್ನು ಚಿತ್ರಕ್ಕೆ ಯೋಗ್ಯವೆಂದು ಎಣಿಸದೆ ಹೋದದ್ದು ಹೇಗೆ ಎಂಬುದನ್ನು ಅರಿಯಬೇಕಾದರೆ, ಈ ಸೀಮೆಯ ಬೆಟ್ಟಗಳನ್ನು ಮೊದಲು ‘ನೋಟ’ವಾಗಿ ಕಂಡವರು ಯಾರು ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ಹಾಗೆ ಕಂಡವರು ಸೈನ್ಯದ ಜೊತೆ ಬಂದವರು. 1791ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಕೋಟೆಯನ್ನು ವಶಪಡಿಸಿಕೊಂಡಾಗ ಅದರ ಬೆನ್ನಿಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಸಾವನದುರ್ಗ, ಶಿವಗಂಗೆ, ರಾಮಗಿರಿ ಮೊದಲಾದ ಬೆಟ್ಟಗಳನ್ನು ಚಿತ್ರಿಸಿ, ಮೈಸೂರು ಸೀಮೆಯ ಆಯ್ದ ನೋಟಗಳ ಸಂಪುಟವೊಂದನ್ನು 1794ರಲ್ಲಿ ಹೊರತಂದನು. ಭೂಮಾಪನಾಧಿಕಾರಿ ಕೋಲ್‌ಬ್ರೂಕನೂ, ಫಿರಂಗಿ ದಳದ ಜೇಮ್ಸ್ ಹಂಟರನೂ ಅದೇ ದಾರಿಯಲ್ಲಿ ನಡೆದರು. ಈ ಚಿತ್ರಗಳಲ್ಲಿ ಬೆಟ್ಟವು ಎತ್ತರಕ್ಕೂ ಏಕಾಂತಕ್ಕೂ ಪ್ರತೀಕವಾಗಿ ನಿಲ್ಲುತ್ತದೆ, ಮುನ್ನೆಲೆಯಲ್ಲಿ ಮರವೊಂದು ಬಾಗುತ್ತದೆ, ಅಳತೆಯ ಅಂದಾಜಿಗೆಂದು ಒಂದೆರಡು ಪುಟ್ಟ ಮನುಷ್ಯಾಕೃತಿಗಳು ಸುಳಿಯುತ್ತವೆ. ಬೆಟ್ಟದ ಬುಡದ ಹಳ್ಳಿ, ಹೊಲ, ಸಂತೆಗಳು ಹಿಂದಕ್ಕೆ ಸರಿಯುತ್ತವೆ. ಒಂದೂವರೆ ಶತಮಾನದ ಬಳಿಕ ಬೆಂಗಳೂರಿನ ಹವ್ಯಾಸಿಗಳು ಅದೇ ಸಾವನದುರ್ಗದ ಬುಡದಲ್ಲಿ ನಿಂತು ಅದೇ ಕಟ್ಟುಪಾಡಿನಲ್ಲಿ ಚಿತ್ರ ತೆಗೆದದ್ದನ್ನು ಕಂಡರೆ, ಕೋಟೆ ಮುತ್ತಲು ಬಂದವರ ದೃಷ್ಟಿಕೋನ ಎಷ್ಟು ದೀರ್ಘಾಯುಷಿ ಎಂದು ಸೋಜಿಗವಾಗುತ್ತದೆ. ಪ್ರವಾಸಿಗೆ ಸುಂದರವಾಗಿ ಕಾಣುವ ಕೋನವೂ ಸೈನಿಕನಿಗೆ ಉಪಯುಕ್ತವೆನಿಸಿದ ಕೋನವೂ ಒಂದೇ ಆಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಬಹುದು: ಇಬ್ಬರೂ ಬೆಟ್ಟವನ್ನು ಹೊರಗಿನಿಂದ ನೋಡುವವರೇ.

ಕ್ಯಾಮೆರಾ ಕೂಡ ಈ ಸೀಮೆಗೆ ಬಂದದ್ದು ದಂಡಿನ ಮೂಲಕವೇ. ಬೆಂಗಳೂರಿನಲ್ಲಿ ನೆಲೆಸಿದ್ದ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ, ವೈದ್ಯನಾಗಿದ್ದ ಆಂಡ್ರ್ಯೂ ನೀಲ್ ಜೊತೆಗೂಡಿ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಅವನು ಇರಿಸಿದ 68 ಚಿತ್ರಗಳು ಬಹುಮಾನ ಪಡೆದವು. ಅದೇ ವರ್ಷ ಬರ್ಮಾದ ರಾಜಸಭೆಗೆ ಹೋದ ನಿಯೋಗದ ಜೊತೆ ಪ್ರಯಾಣಿಸಿ ತಂದ ನೆಗೆಟಿವ್‌ಗಳಿಂದ 120 ಚಿತ್ರಗಳನ್ನು ಆರಿಸಿ, ಪ್ರತಿಯೊಂದರ 50 ಪ್ರತಿಗಳನ್ನು ಅವನು ಮುದ್ರಿಸಿದ್ದು ಬೆಂಗಳೂರಿನಲ್ಲಿ. ಅಂದರೆ ಆರು ಸಾವಿರ ಚಿತ್ರಗಳು, ಒಂದೊಂದೂ ಬಿಸಿಲಿಗೆ ಒಡ್ಡಿ ಮೂಡಿಸಿದ್ದು. ಅವನು ಬಳಸುತ್ತಿದ್ದ ನೆಗೆಟಿವ್ ಗಾಜಿನದಲ್ಲ, ಮೇಣ ಹಚ್ಚಿದ ಕಾಗದದ್ದು. ಬೆಳಕಿಗೆ ಪ್ರತಿಕ್ರಿಯಿಸುವ ಬೆಳ್ಳಿಯ ಲವಣವನ್ನು ಕಾಗದಕ್ಕೆ ಕುಡಿಸಿ, ಚಿತ್ರ ಮೂಡಿದ ಮೇಲೆ ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಸೂರ್ಯನ ಬೆಳಕಿನಲ್ಲಿ ಮುದ್ರಿಸುವ ಈ ವಿಧಾನವು ಬಿಸಿ ಹವೆಯಲ್ಲಿ ದೂರ ಪ್ರಯಾಣ ಮಾಡುವವರಿಗೆ ಹಸಿ ಗಾಜಿನ ಫಲಕಗಳಿಗಿಂತ ಸಲೀಸಾಗಿತ್ತು. ಮುಂದೆ ಟ್ರೈಪ್ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು ಎತ್ತಿನ ಗಾಡಿಗಳಲ್ಲಿ ಸಲಕರಣೆ ಹೇರಿಕೊಂಡು ತಮಿಳು ಸೀಮೆಯ ಪ್ರವಾಸಕ್ಕೆ ಹೊರಟನು. 1859ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ ಇದೆಲ್ಲ ಖಜಾನೆಗೆ ಹೊರಲಾಗದ ಐಷಾರಾಮವೆಂದು ಕೆಲಸವನ್ನೇ ನಿಲ್ಲಿಸಿಬಿಟ್ಟನು. ಛಾಯಾಗ್ರಹಣದ ಹವ್ಯಾಸವನ್ನು ದುಂದುಗಾರಿಕೆ ಎಂದು ಕರೆದ ಹಿರಿಯರಲ್ಲಿ ಇವನನ್ನು ಮೊದಲಿಗನೆಂದು ಎಣಿಸಲು ಅಡ್ಡಿಯಿಲ್ಲ. ಬಸವನಗುಡಿಯ ಎಷ್ಟೋ ಮನೆಗಳ ಯಜಮಾನರು ಮುಂದೆ ಇದೇ ತೀರ್ಪನ್ನು ಕೊಟ್ಟಿರಬೇಕು.

ಟ್ರೈಪ್‌ನ ಸಹಾಯಕನಾಗಿದ್ದ ಸಿ. ಅಯ್ಯಸಾಮಿಯ ಹೆಸರು ಈ ಪ್ರಬಂಧದ ವಿಷಯಕ್ಕೆ ಗುರುವಿನ ಹೆಸರಿಗಿಂತಲೂ ಹತ್ತಿರದ್ದು. ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಮದರಾಸಿನ ಕಲಾಶಾಲೆಯಲ್ಲಿ ಕಲಿತು, ಟ್ರೈಪ್‌ನ ಕೈಕೆಳಗೆ ಪಳಗಿ, ಮರಳಿ ಅದೇ ಶಾಲೆಯಲ್ಲಿ ಛಾಯಾಗ್ರಹಣದ ಕೆಲಸಕ್ಕೆ ನಿಂತ ಈತನು, ದಕ್ಷಿಣ ಭಾರತದಲ್ಲಿ ಓದು, ಪ್ರಯಾಣ, ಕ್ಯಾಮೆರಾ ಮೂರನ್ನೂ ಒಂದುಗೂಡಿಸಿದ ವಿದ್ಯಾರ್ಥಿಗಳ ಸಾಲಿನಲ್ಲಿ ಹೆಸರು ಉಳಿದಿರುವ ಮೊದಲಿಗರಲ್ಲಿ ಒಬ್ಬ. ಗುರುಶಿಷ್ಯರ ಕಾಲದ ಒಂದು ಕೈಚಳಕವನ್ನು ಇಲ್ಲಿ ವಿವರಿಸಲೇಬೇಕು, ಏಕೆಂದರೆ ಭೂದೃಶ್ಯ ಛಾಯಾಗ್ರಹಣದ ಮುಂದಿನ ನೂರು ವರ್ಷಗಳ ಗುಟ್ಟು ಅದರಲ್ಲಿದೆ. ಅಂದಿನ ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಅತಿಯಾಗಿ, ಹಸಿರು ಕೆಂಪುಗಳಿಗೆ ಅತ್ಯಲ್ಪವಾಗಿ ಪ್ರತಿಕ್ರಿಯಿಸುತ್ತಿದ್ದುದರಿಂದ, ಮರದ ಎಲೆ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ನೀಲಿ ಆಕಾಶ ಸುಟ್ಟು ಬಿಳಿಯ ಗೋಡೆಯಾಗುತ್ತಿತ್ತು, ಮೋಡಗಳೆಲ್ಲ ಅದರಲ್ಲಿ ಕರಗುತ್ತಿದ್ದವು. ಟ್ರೈಪ್ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕಾಗದದ ನೆಗೆಟಿವಿನ ಮೇಲೆ ಬಣ್ಣದ ಕುಂಚದಿಂದ ಮೋಡಗಳನ್ನು ತಾನೇ ಬರೆದುಬಿಡುವುದು. ಆಕಾಶವನ್ನು ತಿದ್ದುವ ಈ ಚಾಳಿ ಛಾಯಾಗ್ರಹಣದಷ್ಟೇ ಹಳೆಯದು. ಇಂದಿನ ಫೋನುಗಳು ಬೆರಳು ತಾಕಿಸಿದ ಮಾತ್ರಕ್ಕೆ ಆಕಾಶ ಬದಲಿಸಿಕೊಡುವುದನ್ನು ನೋಡಿ ಕಾಲ ಕೆಟ್ಟಿತೆಂದು ಹಳಹಳಿಸುವವರು ಇದನ್ನು ನೆನೆಯಬಹುದು.

ದಂಡು ಪ್ರದೇಶದ ಅಧಿಕಾರಿಗಳ ಕೈಯಿಂದ ಕ್ಯಾಮೆರಾ ಪೇಟೆಯ ಮನೆಗಳಿಗೆ ಸಾಗಿಬರಲು ಅರ್ಧ ಶತಮಾನ ಹಿಡಿಯಿತು. ಈ ಅವಧಿಯಲ್ಲಿ ಊರಿನ ಸ್ವರೂಪವೇ ಬದಲಾಯಿತು. 1890ರ ದಶಕದಲ್ಲಿ ಹಳೆಯ ಕೋಟೆ ಪೇಟೆಗಳ ಹೊರಗೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. 1898ರ ಪ್ಲೇಗು ಇಕ್ಕಟ್ಟಿನ ಪೇಟೆಯಿಂದ ಜನರನ್ನು ಈ ಅಗಲ ಬೀದಿಗಳತ್ತ ಹೊರಡಿಸಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಊರಿಗೆ ಬಂದಿತು. ಇತ್ತ 1900ರಲ್ಲಿ ಅಮೆರಿಕದ ಕೊಡ್ಯಾಕ್ ಸಂಸ್ಥೆ ಒಂದು ಡಾಲರಿಗೆ ಮಾರಿದ ‘ಬ್ರೌನಿ’ ಎಂಬ ರಟ್ಟಿನ ಡಬ್ಬಿಯಂಥ ಕ್ಯಾಮೆರಾ, ಛಾಯಾಗ್ರಹಣವನ್ನು ರಸಾಯನಶಾಸ್ತ್ರದ ಹೊರೆಯಿಂದ ಬಿಡಿಸಿತು. ಮರುವರ್ಷ ಬಂದ, ಕಾಗದದ ಬೆನ್ನುಪಟ್ಟಿಯೊಂದಿಗೆ ಸುತ್ತಿದ 120 ಅಳತೆಯ ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಕನ್ನಡಿಗರು ‘ರೀಲು’ ಎಂದು ಕರೆದದ್ದು ಇದನ್ನೇ. ಕ್ಯಾಮೆರಾಕ್ಕೆ ರೀಲು ಹಾಕಿಸುವುದು, ಮುಗಿದ ರೀಲನ್ನು ‘ತೊಳೆಸುವುದು’, ಆಮೇಲೆ ‘ಪ್ರಿಂಟು ಹಾಕಿಸುವುದು’ ಎಂಬ ಮೂರು ಹಂತಗಳ ಈ ನುಡಿಗಟ್ಟು ಶಾಸ್ತ್ರೀಯವಾದ ‘ಸಂಸ್ಕರಣೆ’, ‘ಮುದ್ರಣ’ ಮುಂತಾದ ಪದಗಳಿಗಿಂತ ಎಷ್ಟೋ ಜೀವಂತವಾಗಿದೆ. ಚೌಕಾಕಾರದ ಚಿತ್ರ ಕೊಡುವ ಕ್ಯಾಮೆರಾದಲ್ಲಿ ಒಂದು ರೀಲಿಗೆ ಹನ್ನೆರಡೇ ಚಿತ್ರ. 1910ರಲ್ಲಿ ಆರಂಭಗೊಂಡ ಜಿ.ಕೆ. ವೇಲ್‌ನಂಥ ದೊಡ್ಡ ಸ್ಟುಡಿಯೋಗಳು ದಂಡು ಪ್ರದೇಶದಲ್ಲಿದ್ದುದರಿಂದ, 1949ರವರೆಗೆ ಆಡಳಿತದಲ್ಲೂ ಬೇರೆಯಾಗಿಯೇ ಇದ್ದ ಆ ಊರಿಗೆ ಬಸವನಗುಡಿಯ ಹುಡುಗ ಹೋಗಿಬರುವುದೇ ಒಂದು ಸಣ್ಣ ಪ್ರವಾಸವಾಗಿತ್ತು.

ಈ ಬಡಾವಣೆಗಳ ನೆಲದಲ್ಲೇ ಭೂದೃಶ್ಯದ ಪಾಠವಿತ್ತೆಂಬುದು ಗಮನಾರ್ಹ. ಬಸವನಗುಡಿಯಲ್ಲಿ ಬ್ಯೂಗಲ್ ರಾಕ್ ಎಂಬ ಹೆಬ್ಬಂಡೆ, ಅದರ ಮಗ್ಗುಲಲ್ಲಿ ದೊಡ್ಡ ಬಸವಣ್ಣ, ಸ್ವಲ್ಪ ಪೂರ್ವಕ್ಕೆ ಕೆಂಪೇಗೌಡನ ಗೋಪುರ ಹೊತ್ತ ಲಾಲ್‌ಬಾಗಿನ ಬಂಡೆ, ಚಾಮರಾಜಪೇಟೆಯ ಅಂಚಿಗೆ ಕೆಂಪಾಂಬುಧಿ ಕೆರೆ ಮತ್ತು ಗವಿಪುರದ ಗುಹಾದೇವಾಲಯ, ಮಲ್ಲೇಶ್ವರಕ್ಕೆ 1882ರ ಸ್ಯಾಂಕಿ ಕೆರೆ ಇವೆಲ್ಲವೂ ನಡೆದು ಹೋಗುವ ದೂರದಲ್ಲಿದ್ದವು. ಲಾಲ್‌ಬಾಗಿನ ಬಂಡೆ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನ ಹೇಳುತ್ತದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಈ ಬಗೆಯ ಪಟ್ಟೆಗಲ್ಲಿಗೆ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನಿಟ್ಟನು. 1894ರಲ್ಲಿ ಸ್ಥಾಪಿತವಾದ ಆ ಇಲಾಖೆಯಿಂದ ಆರಂಭಗೊಂಡ ಪರಂಪರೆ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ತರಗತಿಗಳಲ್ಲಿ ಮುಂದುವರಿಯಿತು. ಓದು ಮತ್ತು ಪ್ರವಾಸಗಳೆರಡೂ ಒಂದೇ ಆಗಿದ್ದ ವಿದ್ಯಾರ್ಥಿಗಳೆಂದರೆ ಇವರೇ. ಬಂಡೆಯ ಪದರವನ್ನು ತೋರಿಸುವ ಚಿತ್ರದಲ್ಲಿ ಅಳತೆಗೆಂದು ಸುತ್ತಿಗೆಯನ್ನೋ ನಾಣ್ಯವನ್ನೋ ಇಡುವುದು ಭೂವಿಜ್ಞಾನಿಗಳ ರೂಢಿ. ಸೌಂದರ್ಯಕ್ಕಾಗಿ ಚಿತ್ರ ತೆಗೆಯುವವನು ಚೌಕಟ್ಟಿನಿಂದ ಮೊದಲು ಎತ್ತಿ ಹಾಕುವುದು ಆ ಸುತ್ತಿಗೆಯನ್ನೇ. ಆದರೆ ಐವತ್ತು ವರ್ಷಗಳ ನಂತರ ಎರಡು ಚಿತ್ರಗಳನ್ನೂ ಪಕ್ಕದಲ್ಲಿಟ್ಟರೆ, ದಿನಾಂಕ, ಸ್ಥಳ, ಅಳತೆಗಳನ್ನು ಹೊತ್ತ ಸುತ್ತಿಗೆಯ ಚಿತ್ರವೇ ಹೆಚ್ಚು ಮಾತಾಡುತ್ತದೆ. ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ಬಿ.ಪಿ. ರಾಧಾಕೃಷ್ಣ ಬೆಳೆಸಿದ, 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘದ ಕಚೇರಿ ಕೊನೆಗೆ ನೆಲೆನಿಂತದ್ದು ಗವಿಪುರದಲ್ಲಿ, ಅಂದರೆ ಬಸವನಗುಡಿಯ ಬಂಡೆಗಳ ಮಡಿಲಲ್ಲೇ, ಎಂಬುದು ಸೊಗಸಾದ ಕಾಕತಾಳೀಯ.

ಭೂವಿಜ್ಞಾನ ಓದದವರಿಗೆ ರಜೆಯ ದಿನಗಳೇ ಗತಿ. ನ್ಯಾಷನಲ್ ಕಾಲೇಜು ಮತ್ತು ವಿಜಯಾ ಕಾಲೇಜುಗಳು 1945ರಲ್ಲಿಯೂ, ಬಿ.ಎಂ. ಶ್ರೀನಿವಾಸಯ್ಯನವರ ಎಂಜಿನಿಯರಿಂಗ್ ಕಾಲೇಜು 1946ರಲ್ಲಿಯೂ ಆರಂಭಗೊಂಡ ಬಳಿಕ ಬಸವನಗುಡಿಯ ಸುತ್ತ ಸಾವಿರಾರು ವಿದ್ಯಾರ್ಥಿಗಳು ನೆರೆದರು. ಅವರ ಭೂದೃಶ್ಯದ ನಕ್ಷೆಯನ್ನು ಬರೆದದ್ದು ರೈಲು ಬಸ್ಸುಗಳ ವೇಳಾಪಟ್ಟಿ ಎಂದರೆ ತಪ್ಪಾಗದು. ಒಂದು ಭಾನುವಾರ ಸಿಕ್ಕರೆ ಚಿಕ್ಕಬಳ್ಳಾಪುರದ ಕಿರುಗಾತ್ರದ ರೈಲಿನಲ್ಲಿ ನಂದಿಗೆ ಹೋಗಿ, 1,478 ಮೀಟರ್ ಎತ್ತರದ ಬೆಟ್ಟವನ್ನು ಸುಲ್ತಾನಪೇಟೆಯ ಕಡೆಯ ಮೆಟ್ಟಿಲುಗಳಿಂದ ಹತ್ತುವುದು. ಎರಡು ದಿನವಾದರೆ ಶಿವಗಂಗೆ, ಸಾವನದುರ್ಗ. ದಸರಾ ರಜೆಯಲ್ಲಿ ಹೊಸಪೇಟೆಯವರೆಗೆ ರೈಲು ಹಿಡಿದು ಹಂಪಿ. ಕ್ರಿಸ್‌ಮಸ್ ರಜೆಯಲ್ಲಿ ತಾಳಗುಪ್ಪದ ಮೀಟರ್‌ಗೇಜ್ ಹಳಿಯ ಕೊನೆಯವರೆಗೆ ಸಾಗಿ ಜೋಗ, ಇಲ್ಲವೇ ಆಗುಂಬೆ. ಇನ್ನೂ ಗಟ್ಟಿ ಕಾಲಿನವರಿಗೆ ಸುಬ್ರಹ್ಮಣ್ಯದ ಮೇಲಿನ 1,712 ಮೀಟರ್ ಎತ್ತರದ ಕುಮಾರಪರ್ವತ. ಹೀಗೆ ರಜೆ ಇದ್ದಾಗ ಕಂಡದ್ದೇ ‘ಕರ್ನಾಟಕದ ನಿಸರ್ಗ’ ಎನಿಸಿಕೊಂಡಿತು. ಪರೀಕ್ಷೆಗಳು ಮುಗಿದ ಬಿರುಬೇಸಿಗೆಯ ಬಿಳಿಚಿದ ಬೆಳಕು ಚಿತ್ರಕ್ಕೆ ಒದಗುತ್ತಿರಲಿಲ್ಲ; ಮಳೆಗಾಲದ ಮಲೆನಾಡು ಅತ್ಯಂತ ಚೆಲುವಾಗಿರುವ ಜುಲೈ ಆಗಸ್ಟುಗಳಲ್ಲಿ ಕಾಲೇಜು ನಡೆಯುತ್ತಿತ್ತು. ಆದುದರಿಂದಲೇ ಆ ಕಾಲದ ವಿದ್ಯಾರ್ಥಿಗಳ ಸಂಗ್ರಹಗಳಲ್ಲಿ ಅಕ್ಟೋಬರಿನಿಂದ ಜನವರಿಯವರೆಗಿನ ಓರೆ ಬಿಸಿಲೂ ಬೆಳಗಿನ ಇಬ್ಬನಿಯೂ ಹೆಚ್ಚು. ಅದನ್ನು ಅಭಿರುಚಿ ಎಂದು ಬಗೆಯುವುದಕ್ಕಿಂತ ವಿಶ್ವವಿದ್ಯಾಲಯದ ಕ್ಯಾಲೆಂಡರಿನ ಫಲವೆಂದು ಬಗೆಯುವುದು ಹೆಚ್ಚು ಸರಿ.

ಜೋಗದ ಚಿತ್ರಗಳು ಈ ಮಾತಿಗೆ ಒಳ್ಳೆಯ ನಿದರ್ಶನ. 253 ಮೀಟರ್ ಆಳಕ್ಕೆ ನೇರವಾಗಿ ಬೀಳುವ ಶರಾವತಿಯ ನಾಲ್ಕು ಧಾರೆಗಳು ಒಂದೊಂದಾಗಿ ಬಿಡಿಸಿ ಕಾಣುವುದು ಮಳೆ ನಿಂತ ಮೇಲೆಯೇ. ತುಂಬು ಮಳೆಗಾಲದಲ್ಲಿ ಮಂಜು ಕವಿದು ಕ್ಯಾಮೆರಾಕ್ಕೆ ಬಿಳುಪೊಂದೇ ದಕ್ಕುತ್ತದೆ. ಮಡೆನೂರಿನ ಅಣೆಕಟ್ಟೆ ಮತ್ತು 1948ರ ವಿದ್ಯುದಾಗಾರದ ನಂತರ ನೀರು ಹಿಡಿತಕ್ಕೆ ಬಂದಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲಂತೂ ಧಾರೆಗಳು ಬಿಟ್ಟಾಗ ಬೀಳುವಂಥವಾದವು. ಹಾಗಾಗಿ 1950ರ ದಶಕದ ಡಿಸೆಂಬರಿನ ಜೋಗವೂ 1970ರ ದಶಕದ ಡಿಸೆಂಬರಿನ ಜೋಗವೂ ಒಂದೇ ಜಾಗದಿಂದ ತೆಗೆದಿದ್ದರೂ ಬೇರೆ ಬೇರೆ ನದಿಗಳ ಚಿತ್ರಗಳಂತಿವೆ. ವಿಪರ್ಯಾಸವೆಂದರೆ, ಚಿತ್ರವನ್ನು ದೊಡ್ಡದು ಮಾಡುವ ಯಂತ್ರದ ಬಲ್ಬು ಉರಿಯುತ್ತಿದ್ದುದು ಅದೇ ನದಿಯ ವಿದ್ಯುತ್ತಿನಿಂದ.

ಆ ಯಂತ್ರವಿದ್ದ ಕತ್ತಲೆ ಕೋಣೆಯ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾದದ್ದು. ಎಲ್ಲ ಬಣ್ಣಗಳಿಗೂ ಪ್ರತಿಕ್ರಿಯಿಸುವ ಫಿಲ್ಮನ್ನು ಪೂರ್ಣ ಕತ್ತಲೆಯಲ್ಲಿ ತೊಟ್ಟಿಗೆ ಸುತ್ತಿ, ಮೆಟಾಲ್ ಮತ್ತು ಹೈಡ್ರೋಕ್ವಿನೋನ್ ಬೆರೆತ ‘ಡೆವಲಪರ್’ ದ್ರವದಲ್ಲಿ ನಿಗದಿತ ಹೊತ್ತು ಅಲುಗಿಸಿ, ‘ಹೈಪೋ’ ಎಂಬ ಸೋಡಿಯಂ ಥಯೋಸಲ್ಫೇಟಿನಲ್ಲಿ ಚಿತ್ರವನ್ನು ಕಾಯಂಗೊಳಿಸಿ, ಹರಿಯುವ ನೀರಿನಲ್ಲಿ ತೊಳೆದು ಒಣಗಿಸಿದರೆ ನೆಗೆಟಿವ್ ಸಿದ್ಧ. ಅನಂತರ ಕೆಂಪು ದೀಪದ ಮಂಕು ಬೆಳಕಿನಲ್ಲಿ ಆ ನೆಗೆಟಿವಿನ ನೆರಳನ್ನು ಬ್ರೋಮೈಡ್ ಕಾಗದದ ಮೇಲೆ ದೊಡ್ಡದಾಗಿ ಬೀಳಿಸಿ, ಮತ್ತೆ ಅದೇ ಬಗೆಯ ದ್ರವಗಳಲ್ಲಿ ಅದ್ದಿದಾಗ ಬಿಳಿಯ ಹಾಳೆಯ ಮೇಲೆ ಬೆಟ್ಟ ನಿಧಾನವಾಗಿ ಮೂಡುತ್ತದೆ. ಡೆವಲಪರ್ ದ್ರವದ ಆದರ್ಶ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದಕ್ಕಿಂತ ಬಹಳ ಬಿಸಿಯಾದರೆ ಫಿಲ್ಮಿನ ಮೇಲಿನ ಜೆಲಾಟಿನ್ ಲೇಪ ಮೆದುವಾಗಿ ಸುಲಿದು ಹೋಗುವ ಭಯ. ಮದರಾಸಿನವರು ಮಂಜುಗಡ್ಡೆ ಹುಡುಕಬೇಕಿದ್ದ ಈ ಕೆಲಸಕ್ಕೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನವರಿಗೆ ಚಳಿಗಾಲದಲ್ಲಿ ನಲ್ಲಿಯ ನೀರೇ ಹೆಚ್ಚುಕಡಿಮೆ ಸಾಕಾಗುತ್ತಿತ್ತು. ಪ್ರತ್ಯೇಕ ಕೋಣೆಯ ಅನುಕೂಲ ಇರದವರಿಗೆ ಮನೆಯ ಬಚ್ಚಲೇ ಕತ್ತಲೆ ಕೋಣೆ: ರಾತ್ರಿಯ ಊಟ ಮುಗಿದು ಎಲ್ಲರೂ ಮಲಗಿದ ಮೇಲೆ, ಗವಾಕ್ಷಿಗೆ ಕಂಬಳಿ ತುರುಕಿ, ಹಂಡೆಯ ಪಕ್ಕದ ಹಲಗೆಯ ಮೇಲೆ ತಟ್ಟೆಗಳನ್ನು ಜೋಡಿಸಿ ಮಾಡುವ ಕೆಲಸ. ಹನ್ನೆರಡು ಚಿತ್ರಗಳ ರೀಲಿನ ಮಿತವ್ಯಯ ಮತ್ತು ಈ ರಾತ್ರಿಗಳ ದುಡಿಮೆ ಸೇರಿ, ಒಂದು ಚಿತ್ರಕ್ಕಾಗಿ ಅರ್ಧ ದಿನ ಮೋಡ ಕಾಯುವ ತಾಳ್ಮೆಯನ್ನು ಕಲಿಸಿದವು.

ಹೀಗೆ ಮನೆಯಲ್ಲಿ ಕಲಿತ ವಿದ್ಯೆಗೆ ಶಾಲೆಯೂ ಒಂದಿತ್ತು. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನ ಸಿನಿಮಾ ಛಾಯಾಗ್ರಹಣ ವಿಭಾಗದಿಂದ 1946ರಲ್ಲಿ ಡಿಪ್ಲೊಮಾ ಪಡೆದ ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ತನ ಚಿತ್ರಗಳಿಗೆ ಬೆಳಕು ನೆರಳುಗಳ ಭಾಷೆಯನ್ನು ಕೊಟ್ಟು, 1959ರ ‘ಕಾಗಜ್ ಕೇ ಫೂಲ್’ ಮೂಲಕ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರದ ಛಾಯಾಗ್ರಾಹಕರೆನಿಸಿ, 2008ರ ಸಾಲಿನ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಗೋವಿಂದ ನಿಹಲಾನಿ ಕಲಿತದ್ದೂ ಇಲ್ಲಿಯೇ. ಆದರೆ ಅದು ವೃತ್ತಿಯ ದಾರಿ. ಹವ್ಯಾಸಿಗಳ ನಿಜವಾದ ಗುರುಕುಲವಾದದ್ದು ಮೈಸೂರು ಫೋಟೋಗ್ರಾಫಿಕ್ ಸೊಸೈಟಿ. ಅದರ ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಸ್ಥಾಪನೆಯಾಯಿತು. 1950ರಲ್ಲಿ ಯೂರೋಪಿನಲ್ಲಿ ಹುಟ್ಟಿದ್ದ ಅಂತರರಾಷ್ಟ್ರೀಯ ಒಕ್ಕೂಟದೊಂದಿಗೆ ಅದರ ನಂಟು ಬೆಳೆಯಿತು. ಸಿ. ರಾಜಗೋಪಾಲ್, ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇವರೆಲ್ಲ ಬೆಂಗಳೂರನ್ನು ಹವ್ಯಾಸಿ ಛಾಯಾಗ್ರಹಣದ ಭೂಪಟದಲ್ಲಿ ಎತ್ತಿ ನಿಲ್ಲಿಸಿದವರು. ಎಡ್ವರ್ಡ್ಸ್, ಹನುಮಂತರಾವ್ ಮತ್ತು ಪೆರುಮಾಳ್ ಕಾಡಿನ ಹಕ್ಕಿ ಪ್ರಾಣಿಗಳತ್ತ ತಿರುಗಿದರೆ, ರಾಜಗೋಪಾಲರ ಒಲವು ಚಿತ್ರಕಲೆಗೆ ಹತ್ತಿರವಾದ ‘ಪಿಕ್ಟೋರಿಯಲ್’ ಎಂಬ ಶೈಲಿಯದು.

ಪಿಕ್ಟೋರಿಯಲ್ ಶೈಲಿ ಎಂದರೆ, ಕ್ಯಾಮೆರಾ ಕಂಡದ್ದನ್ನು ಹಾಗೆಯೇ ಒಪ್ಪದೆ, ಮುದ್ರಣದ ಹಂತದಲ್ಲಿ ಕೈಚಳಕದಿಂದ ಅದನ್ನು ಚಿತ್ರಕಾರನ ಕಲ್ಪನೆಗೆ ಹೊಂದಿಸುವ ವಿಧಾನ. ತೆಳು ಕಾಗದದ ಮೇಲೆ ದೊಡ್ಡ ನೆಗೆಟಿವ್ ತಯಾರಿಸಿ, ಅದರ ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ, ಬೇಡದ ಕೊಂಬೆಯನ್ನು ಅಳಿಸಿ, ಬೇಕಾದ ಮಂಜನ್ನು ಸೇರಿಸಿ ಮುದ್ರಿಸುವುದು ಅದರಲ್ಲೊಂದು. ಲಾಲ್‌ಬಾಗಿನ ಮರಗಳ ಮೇಲೆ ನಂದಿಬೆಟ್ಟದ ಮೋಡವನ್ನು ತಂದು ಕೂರಿಸುವಂತೆ ಎರಡು ನೆಗೆಟಿವ್‌ಗಳನ್ನು ಕೂಡಿಸುವುದು ಇನ್ನೊಂದು. ಮಸೂರದ ಮುಂದೆ ಹಳದಿ ಗಾಜಿನ ಫಿಲ್ಟರನ್ನು ಇಟ್ಟು ನೀಲಿ ಬೆಳಕನ್ನು ತಡೆದರೆ ಆಕಾಶ ಕಪ್ಪಾಗಿ ಮೋಡ ಎದ್ದು ಕಾಣುತ್ತದೆಂಬುದನ್ನು ಕಲಿತ ಮೇಲೂ ಕೂಡಿಸುವ ಚಾಳಿ ನಿಲ್ಲಲಿಲ್ಲ. ಟ್ರೈಪ್‌ನ ಕುಂಚವು ಬೇರೆ ರೂಪದಲ್ಲಿ ಬದುಕಿ ಉಳಿಯಿತು. ಇಂಥ ಚಿತ್ರಗಳು ಪೈಪೋಟಿ ನಡೆಸುತ್ತಿದ್ದ ವೇದಿಕೆಯೇ ‘ಸಲಾನ್’, ಅಂದರೆ ತೀರ್ಪುಗಾರರು ಅಂಕ ಕೊಟ್ಟು ಆರಿಸುವ ಪ್ರದರ್ಶನ. ರಟ್ಟಿಗೆ ಅಂಟಿಸಿದ ದೊಡ್ಡ ಪ್ರಿಂಟುಗಳು ಅಂಚೆಯಲ್ಲಿ ಊರಿಂದೂರಿಗೆ ಸುತ್ತುತ್ತಿದ್ದವು, ಆಯ್ಕೆಯಾದಲ್ಲೆಲ್ಲ ಬೆನ್ನಿಗೆ ಒಂದೊಂದು ಚೀಟಿ ಅಂಟಿಸಿಕೊಂಡು ಹಿಂದಿರುಗುತ್ತಿದ್ದವು. ಪ್ರವಾಸಕ್ಕೆ ಹೋಗಲು ಹಣವಿಲ್ಲದ ವಿದ್ಯಾರ್ಥಿಯ ಚಿತ್ರವೇ ಅವನಿಗಿಂತ ಹೆಚ್ಚು ದೇಶ ಸುತ್ತಿ ಬರುವುದು ಸಾಧ್ಯವಿತ್ತು.

ಸಲಾನ್ ಬರೆಯದ ಕಾನೂನುಗಳ ರಾಜ್ಯ. ಮುನ್ನೆಲೆಯಲ್ಲಿ ತೂಕದ ವಸ್ತುವೊಂದಿರಬೇಕು, ದಿಗಂತವು ಚೌಕಟ್ಟನ್ನು ಎರಡು ಸಮಪಾಲು ಮಾಡಬಾರದು, ಮಂಜಿನಲ್ಲಿ ಸಾಗುವ ಎತ್ತಿನ ಗಾಡಿಗೆ ಸ್ವಾಗತವುಂಟು, ಅದೇ ರಸ್ತೆಯ ಸಿಟಿ ಬಸ್ಸಿಗೆ ಇಲ್ಲ. ದೀಪದ ಕಂಬ, ತಂತಿ, ಜಾಹೀರಾತು ಫಲಕಗಳು ಕಂಡರೆ ಅಂಕ ಹೋಯಿತೆಂದೇ ಲೆಕ್ಕ. ಈ ಕಟ್ಟುನಿಟ್ಟು ಕಣ್ಣಿಗೆ ಶಿಸ್ತು ಕಲಿಸಿತೆಂಬುದನ್ನು ಒಪ್ಪಲೇಬೇಕು. ಅದರ ಬೆಲೆಯನ್ನು ತೆತ್ತದ್ದು ಊರು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಮುದುಕಿಯ ಸುಕ್ಕು ಮುಖಕ್ಕೆ ಸಲಾನಿನಲ್ಲಿ ಮನ್ನಣೆಯಿದ್ದರೂ, ಪರಿಷೆಯ ಬೀದಿಗೆ, ಅದರ ಇಕ್ಕೆಲಗಳ ಹೆಂಚಿನ ಮನೆಗಳಿಗೆ, ಗಾಂಧಿ ಬಜಾರಿನ ಅಂಗಡಿ ಸಾಲಿಗೆ ಇರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಇದಕ್ಕೆ ಎದುರಾದ ದಾರಿಯನ್ನು ಹಿಡಿದವರು. 1923ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, 1948ರಲ್ಲಿ ಆರಂಭವಾದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯಲ್ಲಿ ಮೊದಲ ವರ್ಷಗಳನ್ನು ಕಳೆದ ಅವರು, ದಿನನಿತ್ಯದ ಜನರನ್ನೇ ವಿಷಯವಾಗಿಸಿಕೊಂಡರು. ಅವರ ಚಿತ್ರಗಳಲ್ಲಿ ತಂತಿ ಕಂಬಗಳು ನಾಚಿಕೆಯಿಲ್ಲದೆ ನಿಂತಿವೆ. ಬೆಂಗಳೂರಿನ ಹಳೆಯ ಕಟ್ಟಡ ಬೀದಿಗಳನ್ನು ವ್ಯವಸ್ಥಿತವಾಗಿ ದಾಖಲಿಸಿದ, 1988ರ ‘ದಿ ಸಿಟಿ ಬ್ಯೂಟಿಫುಲ್’ ಗ್ರಂಥವನ್ನು ಸಿದ್ಧಪಡಿಸಿದವರು ಸಲಾನಿನ ಪದಕವೀರರಲ್ಲ, ಟಿ.ಪಿ. ಇಸ್ಸಾರ್ ಎಂಬ ಆಡಳಿತಾಧಿಕಾರಿ.

1960ರ ದಶಕದ ನಂತರ ಹವ್ಯಾಸ ಅಗ್ಗವಾಯಿತು. ವಿದೇಶಿ ವಿನಿಮಯದ ಬಿಗಿಯಿಂದ ಆಮದು ಕ್ಯಾಮೆರಾಗಳು ದುರ್ಲಭವಾಗಿದ್ದಾಗ, ಭಾರತದಲ್ಲೇ ಜೋಡಿಸಿದ ಆಗ್ಫಾ ಕ್ಲಿಕ್ 3 ಎಂಬ ಸರಳ ಪೆಟ್ಟಿಗೆಯು ಹನ್ನೆರಡು ಚಿತ್ರಗಳ ಅದೇ 120 ರೀಲನ್ನು ಮಧ್ಯಮವರ್ಗದ ಮನೆಗಳಿಗೆ ತಂದಿತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನ ಕಪ್ಪುಬಿಳುಪು ಫಿಲ್ಮನ್ನೂ ಕಾಗದವನ್ನೂ ಒದಗಿಸಿತು. ಧೂಳಿಲ್ಲದ ತಂಪು ಹವೆಗಾಗಿ ಕಾರ್ಖಾನೆಯನ್ನು ನೀಲಗಿರಿಯ ಮೇಲೆ ಕಟ್ಟಿದ್ದರಿಂದ, ಭೂದೃಶ್ಯದ ಹವ್ಯಾಸಿಗಳ ಫಿಲ್ಮು ಹುಟ್ಟಿದ್ದೂ ಭೂದೃಶ್ಯದ ನಡುವೆಯೇ. 1971ರಲ್ಲಿ ಯುವಕರು ಕಟ್ಟಿಕೊಂಡ ಯೂತ್ ಫೋಟೋಗ್ರಾಫಿಕ್ ಸೊಸೈಟಿ, ನೃಪತುಂಗ ರಸ್ತೆಯ ರಾಜ್ಯ ಯುವಕೇಂದ್ರದಲ್ಲಿ ಸೇರಿ, ಹೊಸಬರಿಗೆ ತರಗತಿ ನಡೆಸಿ, ಸಲಾನುಗಳನ್ನು ಏರ್ಪಡಿಸಿ, ವಿದ್ಯಾರ್ಥಿಗಳಿಗೆ ಗುರುಗಳ ಒಡನಾಟವನ್ನು ಸುಲಭಗೊಳಿಸಿತು. 35 ಮಿಲಿಮೀಟರ್ ಫಿಲ್ಮಿನ 36 ಚಿತ್ರಗಳು ಬಂದಾಗ ಹನ್ನೆರಡರ ಜಿಪುಣತನ ಸಡಿಲಿತು. 1980ರ ದಶಕದಲ್ಲಿ ಬಣ್ಣದ ಪ್ರಿಂಟಿನ ಲ್ಯಾಬುಗಳು ಬಂದಾಗ ಬಚ್ಚಲಿನ ಕತ್ತಲೆ ಕೋಣೆಗಳು ಮತ್ತೆ ಬಚ್ಚಲುಗಳಾದವು. ಡಿಜಿಟಲ್ ಯುಗದ ಕಥೆ ಎಲ್ಲರಿಗೂ ತಿಳಿದದ್ದೇ.

ಈ ಹವ್ಯಾಸದಿಂದ ಉಳಿದಿರುವ ಸಾಮಗ್ರಿಯನ್ನು ಇತಿಹಾಸಕಾರನು ಬಳಸಬೇಕಾದರೆ ಪ್ರಿಂಟಿಗಿಂತ ನೆಗೆಟಿವನ್ನು ನಂಬಬೇಕು. ಸಲಾನಿಗೆ ಕಳಿಸಿದ ಪ್ರಿಂಟಿನಲ್ಲಿ ಚಿತ್ರದ ಅಂಚುಗಳನ್ನು ಕತ್ತರಿಸಿ ಹಾಕಿರುತ್ತಾರೆ; ಚೌಕಾಕಾರದ ನೆಗೆಟಿವಿನಿಂದ ಆಯತಾಕಾರದ ಚಿತ್ರ ತೆಗೆಯುವಾಗ ಕಾಲುಭಾಗಕ್ಕೂ ಹೆಚ್ಚು ನೋಟ ಹೊರಗುಳಿಯುವುದುಂಟು. ಕಂಬ, ತಂತಿ, ಹೊಸದಾಗಿ ಎದ್ದ ಮನೆಯ ಗೋಡೆ, ಕೆರೆಯ ದಂಡೆಯಲ್ಲಿ ಸುರಿದ ಮಣ್ಣು ಇಂಥವು ಆ ಹೊರಗುಳಿದ ಭಾಗದಲ್ಲೇ ಇರುತ್ತವೆ, ತೆಗೆದವನು ಬೇಡವೆಂದರೂ ಮಸೂರ ಅವುಗಳನ್ನು ಕಂಡೇ ಇರುತ್ತದೆ. ಕೆಂಪಾಂಬುಧಿಯ ಏರಿಯಿಂದ ತೆಗೆದ ಸೂರ್ಯಾಸ್ತದ ಚಿತ್ರವೊಂದರ ಸೌಂದರ್ಯ ಅದರ ಮಧ್ಯದಲ್ಲಿದ್ದರೆ, ಅದರ ಚರಿತ್ರೆ ಅಂಚಿನಲ್ಲಿರುತ್ತದೆ. ಈ ನೆಗೆಟಿವ್‌ಗಳು ಬಹುಪಾಲು ಅಸಿಟೇಟ್ ಎಂಬ ವಸ್ತುವಿನವು. ತೇವ ಮತ್ತು ಸೆಕೆ ತಗುಲಿದರೆ ಅಸಿಟೇಟ್ ಕ್ರಮೇಣ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಫಿಲ್ಮು ಸುರುಟಿಕೊಳ್ಳುತ್ತದೆ, ಚಿತ್ರದ ಪದರ ಬಿರಿಯುತ್ತದೆ. ಒಂದು ತುಣುಕಿನಲ್ಲಿ ಆರಂಭವಾದದ್ದು ಪಕ್ಕದವನ್ನೂ ಹಿಡಿಯುವುದರಿಂದ, ಕೆಟ್ಟವನ್ನು ಬೇರ್ಪಡಿಸಿ, ಉಳಿದವನ್ನು ಗಾಳಿಯಾಡುವ ಕಾಗದದ ಲಕೋಟೆಗಳಲ್ಲಿ ತಂಪಾದ ಒಣ ಜಾಗದಲ್ಲಿ ಇರಿಸಬೇಕಾಗುತ್ತದೆ. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟುವ ಮುನ್ನ ಅಟ್ಟ ಖಾಲಿ ಮಾಡುವಾಗ, ಮುಚ್ಚಿಟ್ಟ ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದ ಕೂಡಲೇ ವಿನಿಗರಿನ ಘಾಟು ಮೂಗಿಗೆ ಬಡಿದರೆ, ಒಳಗಿರುವುದು ನೆಗೆಟಿವ್‌ಗಳೆಂದೂ, ಅವು ಕರಗಲು ತೊಡಗಿವೆಯೆಂದೂ ತಿಳಿಯಬೇಕು.